ಬಲೆ ತುಂಬಿದ ಮಾತ್ರಕ್ಕೆ ಮೀನು ಹೆಚ್ಚಿದೆ ಎಂದೇ?

ಪ್ರಶ್ನೆ: ಆರೆಂಜ್ ರಫಿ ಎಂಬ ಆಳಸಮುದ್ರದ ಮೀನಿನ ಸಂಖ್ಯೆ ಕುಸಿದಿದೆ ಎಂದು ಓದಿದೆ. ಒಂದೇ ಸಲ ಬಲೆ ಎಳೆದರೆ ಟನ್‌ಗಟ್ಟಲೆ ಸಿಗುತ್ತಿತ್ತು ಎಂದೂ ಓದಿದೆ. ಎರಡೂ ನಿಜವಾಗುವುದು ಹೇಗೆ? ಅಷ್ಟು ಆಳದ ಮೀನನ್ನು ಲೆಕ್ಕ ಹಾಕುವುದಾದರೂ ಹೇಗೆ?

ಉತ್ತರ: ಎರಡೂ ನಿಜ. ಈ ಮೀನು ಹೆಚ್ಚಾಗಿ 500ರಿಂದ 1,500 ಮೀಟರ್ ಆಳದಲ್ಲಿರುತ್ತದೆ, ಆದರೆ ಎಲ್ಲೆಡೆ ಒಂದೇ ಸಮನೆ ಹರಡಿಕೊಂಡಿರುವುದಿಲ್ಲ. ಮೊಟ್ಟೆ ಇಡುವ ಕಾಲಕ್ಕೆ ದೂರದೂರದಿಂದ ಬಂದು ಕಡಲಡಿಯ ಬೆಟ್ಟಗಳ ಸುತ್ತ ದಟ್ಟವಾಗಿ ಸೇರುತ್ತದೆ. ಹಡಗು ಎಳೆದೊಯ್ಯುವ ಟ್ರಾಲ್ ಬಲೆ ಇಳಿಯುವುದೂ ಅಲ್ಲಿಗೇ. ಒಟ್ಟು ಮೀನು ಅರ್ಧಕ್ಕಿಳಿದರೂ ಉಳಿದವು ಮತ್ತೆ ಅದೇ ಬೆಟ್ಟಕ್ಕೆ ಬರುತ್ತವೆ, ಬಲೆ ಮತ್ತೆ ತುಂಬುತ್ತದೆ. ಹಾಗಾಗಿ ಬರೀ ಬಲೆಯ ತೂಕ ನೋಡಿ ಎಷ್ಟು ಹಿಡಿಯಬಹುದೆಂದು ನಿಗದಿ ಮಾಡುವುದು ಅಪಾಯಕಾರಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನು ಲೆಕ್ಕದ ಮಾತು. ಮುಖ್ಯ ಸಾಧನ ಶಬ್ದ. ನೀರಿಗೆ ಶಬ್ದದ ಅಲೆ ಬಿಟ್ಟು, ಮರಳಿ ಬರುವ ಪ್ರತಿಧ್ವನಿಯನ್ನು ಅಳೆಯುತ್ತಾರೆ. ಅನೇಕ ಮೀನುಗಳಲ್ಲಿ ಗಾಳಿ ತುಂಬಿದ ಈಜುಚೀಲವಿರುತ್ತದೆ, ಪ್ರತಿಧ್ವನಿ ಜೋರಾಗಿ ಬರುವುದು ಅದರಿಂದಲೇ. ಆರೆಂಜ್ ರಫಿಯ ಚೀಲದಲ್ಲಿರುವುದು ಗಾಳಿಯಲ್ಲ, ಮೇಣದಂಥ ಎಣ್ಣೆ. ಹೀಗಾಗಿ ಅದರ ಪ್ರತಿಧ್ವನಿ ಬಹಳ ಕ್ಷೀಣ. ಪಕ್ಕದಲ್ಲಿ ಗಾಳಿಚೀಲದ ಪುಟ್ಟ ಮೀನುಗಳ ಹಿಂಡಿದ್ದರೆ ಅದರ ಸದ್ದೇ ಮೇಲಾಗಿ ಲೆಕ್ಕ ತಪ್ಪಾಗಿ ಹಿಗ್ಗಿಬಿಡುತ್ತದೆ. ಅದಕ್ಕೇ ಈಗ 38 ಮತ್ತು 120 ಕಿಲೋಹರ್ಟ್ಜ್, ಎರಡೂ ಕಂಪನಾಂಕಗಳಲ್ಲಿ ಕೇಳುತ್ತಾರೆ. ಆರೆಂಜ್ ರಫಿಯ ಪ್ರತಿಧ್ವನಿ 120ರಲ್ಲಿ ಹೆಚ್ಚು, ಗಾಳಿಚೀಲದ ಮೀನುಗಳದ್ದು 38ರಲ್ಲಿ ಹೆಚ್ಚು. 120ರ ಶಬ್ದ ಹಡಗಿನಿಂದ ಅಷ್ಟು ಆಳಕ್ಕೆ ಚೆನ್ನಾಗಿ ಮುಟ್ಟದು, ಆದ್ದರಿಂದ ಉಪಕರಣವನ್ನು ಬಲೆಗೇ ಕಟ್ಟಿ ಕೆಳಗಿಳಿಸುತ್ತಾರೆ. ಹಾಗಿದ್ದೂ ಬೆಟ್ಟದ ಇಳಿಜಾರಿಗೆ ಅಂಟಿಕೊಂಡ ಮೀನು ನೆಲದ ಪ್ರತಿಧ್ವನಿಯಲ್ಲಿ ಮುಚ್ಚಿಹೋಗುತ್ತದೆ.

ಲೆಕ್ಕದಲ್ಲಿ ಇಷ್ಟು ಎಚ್ಚರ ಏಕೆಂದರೆ, ಈ ಮೀನು ಮರಿ ಮಾಡುವ ವಯಸ್ಸಿಗೆ ಬರಲು ಸುಮಾರು 30 ವರ್ಷ ಬೇಕು. ಕಿವಿಯೊಳಗಿನ ಪುಟ್ಟ ಕಲ್ಲಿನ ಗೆರೆಗಳನ್ನು ಎಣಿಸಿದಾಗ 200 ವರ್ಷ ದಾಟಿದ ಮೀನುಗಳೂ ಸಿಕ್ಕಿವೆ. ನ್ಯೂಜಿಲೆಂಡಿನಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಹಿಡಿಯತೊಡಗಿದ್ದು 1970ರ ದಶಕದ ಕೊನೆಯಲ್ಲಿ. ಅಲ್ಲಿ ಕಡಲಡಿಯಲ್ಲಿರುವ ಚಾಲೆಂಜರ್ ಪ್ರಸ್ಥಭೂಮಿಯ ಮೀನುಗಾರಿಕೆಯನ್ನು 2000ದಲ್ಲಿ ಮುಚ್ಚಬೇಕಾಯಿತು. ಮತ್ತೆ ತೆರೆದದ್ದು 2010ರಲ್ಲಿ.

ಮುಂದೆ ಇಂಥ ವರದಿ ಓದುವಾಗ ಆ ಅಂಕಿ ಬಲೆಯ ತೂಕದಿಂದ ಬಂದದ್ದೇ, ಶಬ್ದದ ಸಮೀಕ್ಷೆಯಿಂದ ಬಂದದ್ದೇ, ಮೊಟ್ಟೆ ಇಡುವ ಕಾಲದ್ದೇ ಎಂದು ಮೊದಲು ನೋಡಿ.