ಮಳೆಗಾಲದಲ್ಲಿ ಆಫೀಸಿನ ಸರ್ವರ್ ತನ್ನಷ್ಟಕ್ಕೆ ಆಫ್ ಆಗಿ ಮತ್ತೆ ಆನ್ ಆಗುವುದೇಕೆ?

ಮಂಗಳೂರಿನ ಗಾಳಿಮಳೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಯುಪಿಎಸ್ ಬ್ಯಾಟರಿಯನ್ನು. 12 ವೋಲ್ಟಿನ ಹಳೆ ಬ್ಯಾಟರಿ ಚಾರ್ಜ್ ಆಗುತ್ತಿರುವಾಗ 13.5 ತೋರಿಸುತ್ತದೆ, ನೋಡಲು ಸರಿಯಾಗೇ ಇರುತ್ತದೆ. ಕರೆಂಟು ಹೋಗಿ ಲೋಡ್ ಬಿದ್ದ ಕೂಡಲೇ 10.5ಕ್ಕಿಂತ ಕೆಳಗೆ ಕುಸಿಯುತ್ತದೆ, ಯುಪಿಎಸ್ ಕಟ್ ಮಾಡುತ್ತದೆ. ಕರೆಂಟು ಬಂದಾಗ ಸರ್ವರ್ ತಾನೇ ಆನ್ ಆಗುವುದು ಬಯಾಸ್ (ಸರ್ವರ್ ಆನ್ ಆದಾಗ ಮೊದಲು ಓಡುವ ಮೂಲ ತಂತ್ರಾಂಶ) ಸೆಟ್ಟಿಂಗ್‌ನಿಂದ.

ವಿಂಡೋಸ್ ಲಾಗ್‌ನ (ಘಟನೆಗಳ ದಾಖಲೆಯ) 41, 6008 ನಂಬರುಗಳು ‘ಸರಿಯಾಗಿ ಶಟ್‌ಡೌನ್ ಆಗಲಿಲ್ಲ’ ಎಂದಷ್ಟೇ ಹೇಳುತ್ತವೆ. ಕಾರಣ ಬೇಕಿದ್ದರೆ ಐಡ್ರಾಕ್ (ಡೆಲ್ ಸರ್ವರ್‌ಗಳಲ್ಲಿ) ಅಥವಾ ಐಎಲ್‌ಒ (ಎಚ್‌ಪಿ ಸರ್ವರ್‌ಗಳಲ್ಲಿ) ಎಂಬ ನಿರ್ವಹಣಾ ವ್ಯವಸ್ಥೆಯ ಹಾರ್ಡ್‌ವೇರ್ ಲಾಗ್ ತೆರೆಯಿರಿ. ಅದನ್ನು ಬರೆಯುವುದು ಬೇರೆಯೇ ಚಿಪ್, ವಿಂಡೋಸ್ ಅಲ್ಲ. ಅಲ್ಲಿ ಪವರ್ ಇನ್‌ಪುಟ್ ಹೋದ ದಾಖಲೆಯಿದ್ದರೆ ಬ್ಯಾಟರಿ ಬದಲಿಸಿ. ತಾಪಮಾನದ ಎಚ್ಚರಿಕೆಯಿದ್ದರೆ ಫ್ಯಾನು, ಹೀಟ್‌ಸಿಂಕ್‌ಗೆ (ಚಿಪ್‌ನ ಬಿಸಿ ಹೀರುವ ಲೋಹದ ಭಾಗ) ಮೆತ್ತಿದ ತೇವದ ಧೂಳು ತೆಗೆಯಿರಿ.

ದಯವಿಟ್ಟು ಸರ್ವರಿನ ಎರಡು ಪವರ್ ಸಪ್ಲೈಗಳನ್ನೂ ಒಂದೇ ಯುಪಿಎಸ್‌ಗೆ ಸಿಕ್ಕಿಸಬೇಡಿ. ಅದು ಕೈಕೊಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ.