ಕಡಲಾಮೆ ಏನು ತಿನ್ನುತ್ತದೆ? ಮೊಟ್ಟೆ ಇಟ್ಟು ಹೋದ ಮೇಲೆ ಎಲ್ಲಿರುತ್ತದೆ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಕಡಲಾಮೆಯ ಆಹಾರ ಏನು, ಮತ್ತು ಮೊಟ್ಟೆ ಇಟ್ಟು ಸಮುದ್ರಕ್ಕೆ ಮರಳಿದ ಮೇಲೆ ಅದು ಎಲ್ಲಿ ಬದುಕುತ್ತದೆ. ನನ್ನ ಪ್ರಕಾರ ಇವೆರಡನ್ನೂ ಬೇರೆ ಮಾಡೋಕಾಗಲ್ಲ. ಊಟ ಎಲ್ಲಿದೆಯೋ ಆಮೆ ಅಲ್ಲಿರುತ್ತದೆ. ನಾವು ದಡದಲ್ಲಿ ಕಾಣುವುದು ಅದರ ಬದುಕಿನ ಒಂದು ಚೂರು ಮಾತ್ರ. ಗಂಡು ಆಮೆಗಳಂತೂ ಒಮ್ಮೆ ನೀರಿಗೆ ಇಳಿದ ಮೇಲೆ ಸಾಮಾನ್ಯವಾಗಿ ದಡಕ್ಕೆ ಬರುವುದೇ ಇಲ್ಲ.

ಕಡಲಾಮೆಯಲ್ಲಿ 7 ಜಾತಿಗಳಿವೆ. ಅವುಗಳ ಬಾಯಿ ನೋಡಿದರೇ ಅರ್ಧ ಉತ್ತರ ಸಿಗುತ್ತದೆ. ಲಾಗರ್‌ಹೆಡ್ ಆಮೆಗೆ ದೊಡ್ಡ ತಲೆ, ಗಟ್ಟಿ ದವಡೆ. ಏಡಿ, ಶಂಖದ ಹುಳುಗಳನ್ನು ಚಿಪ್ಪು ಸಮೇತ ಪುಡಿ ಮಾಡುತ್ತದೆ. ಹಾಕ್ಸ್‌ಬಿಲ್‌ಗೆ ಹದ್ದಿನದರಂಥ ಕಿರಿದಾದ ಕೊಕ್ಕು. ಅದನ್ನು ಹವಳದ ಸಂದಿಗೆ ತೂರಿಸಿ, ಕಡಲ ತಳಕ್ಕೆ ಅಂಟಿಕೊಂಡು ಬದುಕುವ ಸ್ಪಂಜು ಎಂಬ ಸರಳ ಪ್ರಾಣಿಗಳನ್ನು ಕಿತ್ತು ತಿನ್ನುತ್ತದೆ. ಕೆರಿಬಿಯನ್ ಸಮುದ್ರದ ಹಾಕ್ಸ್‌ಬಿಲ್‌ಗಳ ಊಟ ಹೆಚ್ಚುಕಡಿಮೆ ಪೂರ್ತಿ ಸ್ಪಂಜೇ ಎಂದು ಕಡಲಾಮೆ ವಿಜ್ಞಾನಿ ಆನ್ ಮೇಲನ್ 1988ರಲ್ಲಿ ತೋರಿಸಿಕೊಟ್ಟರು. ಈ ಸ್ಪಂಜುಗಳ ಮೈಯಲ್ಲಿ ಸಿಲಿಕಾದ ಸಣ್ಣ ಸಣ್ಣ ಸೂಜಿಗಳಿರುತ್ತವೆ. ಗಾಜು ಆಗುವುದೂ ಸಿಲಿಕಾದಿಂದಲೇ. ಹೆಚ್ಚಿನ ಪ್ರಾಣಿಗಳು ಹತ್ತಿರ ಹೋಗದ ಈ ಆಹಾರವನ್ನು ಹಾಕ್ಸ್‌ಬಿಲ್ ಆರಾಮಾಗಿ ಅರಗಿಸಿಕೊಳ್ಳುತ್ತದೆ. ಜಾಗಕ್ಕಾಗಿ ಹವಳ ಮತ್ತು ಸ್ಪಂಜಿನ ನಡುವೆ ಪೈಪೋಟಿ ಇರುವುದರಿಂದ ಇದರಿಂದ ಹವಳಕ್ಕೂ ಅನುಕೂಲ.

ಲೆದರ್‌ಬ್ಯಾಕ್ ಕಥೆ ಇನ್ನೂ ಬೇರೆ. ಎಲ್ಲಕ್ಕಿಂತ ದೊಡ್ಡ ಆಮೆ, ಆದರೆ ತಿನ್ನುವುದು ಜೆಲ್ಲಿ ಮೀನು. ಅದರ ಗಂಟಲಿನ ತುಂಬಾ ಹೊಟ್ಟೆಯ ಕಡೆಗೆ ಬಾಗಿದ ಮುಳ್ಳುಗಳಿವೆ. ಜಾರುವ ಜೆಲ್ಲಿ ಮೀನು ವಾಪಸ್ ಹೊರಗೆ ಬರದ ಹಾಗೆ ಅವು ತಡೆಯುತ್ತವೆ. ಜೆಲ್ಲಿ ಮೀನಿನಲ್ಲಿ ಹೆಚ್ಚಿನದು ನೀರೇ ಅಲ್ವಾ, ಹಾಗಾಗಿ ರಾಶಿಗಟ್ಟಲೆ ತಿನ್ನಬೇಕು. ಕೆನಡಾದ ಅಟ್ಲಾಂಟಿಕ್ ಕಡೆ ಆಮೆಗಳ ಬೆನ್ನಿಗೆ ಕ್ಯಾಮೆರಾ ಅಂಟಿಸಿ ಲೆಕ್ಕ ಹಾಕಿದಾಗ ದಿನಕ್ಕೆ ಸರಾಸರಿ 330 ಕಿಲೋ ತಿನ್ನುತ್ತವೆ ಎಂದು ಅಂದಾಜು ಸಿಕ್ಕಿತು. ಅವುಗಳ ಮೈ ತೂಕದ ಮುಕ್ಕಾಲು ಪಾಲಿನ ಹತ್ತಿರ! ಈ ಊಟಕ್ಕಾಗಿಯೇ ಅವು ಬಿಸಿ ಸಮುದ್ರ ಬಿಟ್ಟು ಅಷ್ಟು ತಣ್ಣನೆಯ ನೀರಿಗೆ ಹೋಗುತ್ತವೆ. ಪ್ಲಾಸ್ಟಿಕ್ ಇವಕ್ಕೆ ಇಷ್ಟು ಅಪಾಯ ಆಗಿರುವುದಕ್ಕೂ ಇದೇ ಗಂಟಲು ಒಂದು ಕಾರಣ. ಒಳಗೆ ಹೋದ ಚೀಲವನ್ನು ಉಗುಳುವುದು ಸುಲಭವಲ್ಲ.

ಜಾತಿಯ ಜೊತೆಗೆ ವಯಸ್ಸನ್ನೂ ಕೇಳಬೇಕು. ಮೊಟ್ಟೆಯೊಡೆದ ಮರಿ ನೇರ ಆಳ ಸಮುದ್ರಕ್ಕೆ ಈಜುತ್ತದೆ. ಅಲ್ಲಿ ತೇಲುವ ಪಾಚಿಯ ನಡುವೆ ಕೆಲವು ವರ್ಷ ಅಡಗಿಕೊಂಡು, ಸಿಕ್ಕಿದ ಸಣ್ಣಪುಟ್ಟ ಜೀವಿಗಳನ್ನು ತಿಂದು ಬೆಳೆಯುತ್ತದೆ. ಆಸ್ಟ್ರೇಲಿಯಾದ ಫ್ಲಾಟ್‌ಬ್ಯಾಕ್ ಮಾತ್ರ ಇದಕ್ಕೆ ಹೊರತು, ಅದರ ಮರಿಗಳು ಆಳ ಸಮುದ್ರಕ್ಕೆ ಹೋಗದೆ ಕರಾವಳಿಯ ಆಸುಪಾಸಿನಲ್ಲೇ ಉಳಿಯುತ್ತವೆ. ಹಸಿರು ಆಮೆ ಸ್ವಲ್ಪ ದೊಡ್ಡದಾದ ಮೇಲೆ ದಡದ ಹತ್ತಿರದ ಆಳವಿಲ್ಲದ ನೀರಿಗೆ ಬಂದು, ನಿಧಾನವಾಗಿ ಸಮುದ್ರ ಹುಲ್ಲು ಮತ್ತು ಪಾಚಿ ತಿನ್ನುವುದಕ್ಕೆ ಹೊರಳುತ್ತದೆ.

ನನಗೆ ತುಂಬಾ ಇಷ್ಟದ ಭಾಗ ಇದೇ. ನಾನು ನೀರೊಳಗೆ ನೋಡುವ ಮುಖವಾಡ ಹಾಕಿಕೊಂಡು ಮೇಲೆ ತೇಲುತ್ತಾ ಹಸಿರು ಆಮೆ ಮೇಯುವುದನ್ನು ನೋಡಿದ್ದೇನೆ. ಹೊಟ್ಟೆಯನ್ನು ಮರಳಿಗೆ ತಾಗಿಸಿ, ಮುಂದಿನ ರೆಕ್ಕೆಗಳನ್ನು ಊರಿ, ತಲೆ ಬಗ್ಗಿಸಿ ಹುಲ್ಲಿನ ಎಸಳನ್ನು ಬುಡದ ಹತ್ತಿರ ಕಚ್ಚುತ್ತದೆ. ದವಡೆಯ ಅಂಚು ಗರಗಸದ ಹಾಗೆ ಹಲ್ಲುಹಲ್ಲಾಗಿದೆ. ಒಂದು ಸಣ್ಣ ಎಳೆತ, ಕತ್ತರಿಸಿದ ತುದಿಗಳು ಬಾಯಿಯ ಪಕ್ಕದಿಂದ ತೇಲಿ ಹೋಗುತ್ತವೆ. ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಅದೇ ಜಾಗಕ್ಕೆ ಇಳಿಯುತ್ತದೆ.

ಅದೇ ಜಾಗಕ್ಕೆ ಮರಳುವುದು ಸುಮ್ನೆ ಅಲ್ಲ. ಕಡಲಾಮೆ ವಿಜ್ಞಾನಿ ಕೆರೆನ್ ಬ್ಯಾರ್ನ್‌ಡಾಲ್ ಬಹಾಮಾಸ್‌ ದ್ವೀಪಗಳಲ್ಲಿ ಇದನ್ನು ಅಧ್ಯಯನ ಮಾಡಿದರು. ಆಮೆಗಳು ಒಮ್ಮೆ ಮೇಯ್ದ ತುಂಡನ್ನೇ ಮತ್ತೆ ಮತ್ತೆ ಮೇಯುತ್ತವೆ, ಪಕ್ಕದ ಉದ್ದ ಹುಲ್ಲನ್ನು ಬಿಟ್ಟುಬಿಡುತ್ತವೆ. ಹೊಸದಾಗಿ ಚಿಗುರಿದ ಎಸಳಿನಲ್ಲಿ ಪ್ರೋಟೀನ್ ಜಾಸ್ತಿ, ಜೀರ್ಣವಾಗದ ನಾರು ಕಡಿಮೆ. ಅಂದರೆ ತನಗೆ ಬೇಕಾದ ಹುಲ್ಲನ್ನು ಆಮೆ ತಾನೇ ಬೆಳೆಸಿಕೊಳ್ಳುತ್ತಿದೆ. ಉಳಿದ ನಾರನ್ನು ಅದರ ಹಿಂಗರುಳಿನಲ್ಲಿರುವ ಸೂಕ್ಷ್ಮಾಣುಗಳು ಕೊಳೆಸಿ ಕೊಡುತ್ತವೆ. ಈ ಸೂಕ್ಷ್ಮಾಣುಗಳಿಲ್ಲದಿದ್ದರೆ ಹುಲ್ಲು ತಿಂದು ಅಷ್ಟು ದೊಡ್ಡ ಮೈ ಸಾಕಲು ಆಗುತ್ತಿರಲಿಲ್ಲ.

ಹಾಗಾದರೆ ಒಳ್ಳೆ ಹುಲ್ಲು ಇರುವ ಕಡೆಯೇ ಆಮೆಗಳು ಸೇರುತ್ತವಾ? ಯಾವಾಗಲೂ ಇಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬ ಕೊಲ್ಲಿಯಲ್ಲಿ ಆಮೆಗಳನ್ನು ತಿನ್ನುವ ಟೈಗರ್ ಶಾರ್ಕ್‌ಗಳಿವೆ. ಅಲ್ಲಿ ಹುಲ್ಲುಗಾವಲಿನ ಒಳಭಾಗದಲ್ಲಿ ಹುಲ್ಲು ಚೆನ್ನಾಗಿದೆ, ಆದರೆ ತಪ್ಪಿಸಿಕೊಳ್ಳುವುದು ಕಷ್ಟ. ಅಂಚಿನಲ್ಲಿ ಹುಲ್ಲು ಅಷ್ಟಕ್ಕಷ್ಟೆ, ಆದರೆ ಪಕ್ಕದಲ್ಲೇ ಆಳ ನೀರು ಇರುವುದರಿಂದ ಓಡಿಹೋಗಬಹುದು. ಶಾರ್ಕ್ ಹೆಚ್ಚಿರುವ ಕಾಲದಲ್ಲಿ ಮೈಕಟ್ಟು ಚೆನ್ನಾಗಿರುವ ಆಮೆಗಳು ಅಂಚಿನಲ್ಲೇ ಮೇಯುತ್ತವೆ. ಸೊರಗಿದವು ಮಾತ್ರ ಜೀವ ಪಣಕ್ಕಿಟ್ಟು ಒಳಗೆ ಹೋಗುತ್ತವೆ. ಇದನ್ನು ಓದಿದ ಮೇಲೆ ನನಗೆ ಆಮೆ ಎಂದರೆ ಸುಮ್ಮನೆ ತೇಲುವ ಪ್ರಾಣಿ ಅನ್ನಿಸಿಲ್ಲ. ಹಸಿವು ಮತ್ತು ಭಯ ಎರಡನ್ನೂ ತೂಗಿ ಅದು ಜಾಗ ಆರಿಸುತ್ತದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಮೇಯುವ ಜಾಗ ಮತ್ತು ಮೊಟ್ಟೆ ಇಡುವ ಜಾಗ ಸಾವಿರಾರು ಕಿಲೋಮೀಟರ್ ದೂರ ಇರಬಹುದು. ಅಟ್ಲಾಂಟಿಕ್ ನಡುವಿನ ಅಸೆನ್ಷನ್ ದ್ವೀಪದಲ್ಲಿ ಮೊಟ್ಟೆ ಇಡುವ ಹಸಿರು ಆಮೆಗಳು ಮೇಯುವುದು 2,000 ಕಿಲೋಮೀಟರಿಗೂ ಆಚೆ, ಬ್ರೆಜಿಲ್ ಕರಾವಳಿಯಲ್ಲಿ. ದ್ವೀಪದಲ್ಲಿರುವ ತಿಂಗಳುಗಟ್ಟಲೆ ಕಾಲ ಅವು ತಿನ್ನುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮೊದಲೇ ಕೂಡಿಟ್ಟ ಕೊಬ್ಬಿನಲ್ಲೇ ಪ್ರಯಾಣವೂ ಆಗಬೇಕು, ಮೊಟ್ಟೆಯೂ ಆಗಬೇಕು. ಅಷ್ಟು ಕೊಬ್ಬು ಕೂಡಿಸಲು ಕೆಲವು ವರ್ಷ ಬೇಕಾಗುತ್ತದೆ. ಹೆಣ್ಣು ಹಸಿರು ಆಮೆಗಳು ಪ್ರತಿ ವರ್ಷ ಮೊಟ್ಟೆ ಇಡದಿರುವುದು ಇದಕ್ಕೇ. ಉಪಗ್ರಹ ಟ್ಯಾಗ್ ಹಾಕಿ ನೋಡಿದಾಗ, ಮೊಟ್ಟೆ ಇಟ್ಟ ಮೇಲೆ ಹಲವು ಆಮೆಗಳು ತಮ್ಮ ಹಳೆಯ ಮೇವಿನ ಜಾಗಕ್ಕೇ ಮರಳುವುದೂ ಗೊತ್ತಾಗಿದೆ. ಆದ್ದರಿಂದ ದಡದಲ್ಲಿ ಮೊಟ್ಟೆ ಕಾಯುವುದು ಎಷ್ಟು ಮುಖ್ಯವೋ ಆ ಹುಲ್ಲುಗಾವಲು ಉಳಿಸುವುದೂ ಅಷ್ಟೇ ಮುಖ್ಯ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡನೆಯದರ ಬಗ್ಗೆ ಮಾತು ತೀರಾ ಕಡಿಮೆ.

ಹುಲ್ಲುಗಾವಲು ಉಳಿಸುವುದು ಎಷ್ಟು ಜಟಿಲ ಅಂತ ಲಕ್ಷದ್ವೀಪದಲ್ಲಿ ಕಾಣಬಹುದು. ಅಗತ್ತಿ ದ್ವೀಪದ ಲಗೂನಿನಲ್ಲಿ, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರಿನಲ್ಲಿ, ಹಸಿರು ಆಮೆಗಳು ತುಂಬಾ ಹೆಚ್ಚಾಗಿ, ಹುಲ್ಲು ಚಿಗುರುವುದಕ್ಕಿಂತ ಬೇಗ ಮೇಯ್ದುಬಿಟ್ಟವು. ಹುಲ್ಲಿನಲ್ಲಿ ಅಡಗುವ ಮೀನುಗಳೂ ಕಡಿಮೆಯಾದವು, ಮೀನುಗಾರರು ಆಮೆಗಳ ಮೇಲೆ ಸಿಟ್ಟಾದರು. ಅವರ ದೂರನ್ನು ಸುಳ್ಳು ಎಂದು ತಳ್ಳಿಹಾಕುವುದು ತಪ್ಪು, ಹುಲ್ಲು ನಿಜವಾಗಿಯೂ ಹೋಗಿತ್ತು. ಆಮೇಲೆ ಆಮೆಗಳು ಒಂದು ಲಗೂನ್ ಮುಗಿಸಿ ಇನ್ನೊಂದು ದ್ವೀಪದ ಲಗೂನಿಗೆ ಹೋದವು, ಅಲ್ಲೂ ಇದೇ ನಡೆಯಿತು.