ಕೊಲೆಸ್ಟ್ರಾಲ್ ಜಾಸ್ತಿ ಇದ್ದರೆ ಯಾವ ಎಣ್ಣೆ ಬಳಸಬೇಕು?

ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್ ಅನ್ನುವುದು) 160 ಬಂದಿದೆ, ದಿನಾ ಬಳಸುವ ಕೊಬ್ಬರಿ ಎಣ್ಣೆ ಬಾಟಲಿ ಮೇಲೆ ‘ಕೊಲೆಸ್ಟ್ರಾಲ್ ರಹಿತ’ ಅಂತ ಬರೆದಿದೆ, ಆದರೂ ಎಣ್ಣೆ ಬದಲಿಸಬೇಕಾ ಅಂತ ಕೇಳಿದ್ದೀರಿ. ನನ್ನ ಉತ್ತರ: ಬದಲಿಸಿ. ನಾನು ಡಾಕ್ಟರ್ ಅಲ್ಲ. ನನಗೂ ಎಲ್‌ಡಿಎಲ್ ಜಾಸ್ತಿ ಇರುವುದರಿಂದ ಈ ವಿಷಯ ಓದಿಕೊಂಡಿದ್ದೇನೆ, ಅಷ್ಟೇ.

ಬಾಟಲಿ ಮೇಲಿನ ಮಾತು ಸುಳ್ಳೇನಲ್ಲ. ಆದರೆ ಗಿಡಮರಗಳಿಂದ ಬರುವ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ನೀರಿನ ಬಾಟಲಿ ಮೇಲೂ ಹಾಗೇ ಬರೆಯಬಹುದು. ರಕ್ತದಲ್ಲಿರುವ ಕೊಲೆಸ್ಟ್ರಾಲ್‌ನ ಬಹುಪಾಲು ದೇಹವೇ ತಯಾರಿಸಿದ್ದು. ಎಣ್ಣೆ ತೊಂದರೆ ಕೊಡುವುದು ಬೇರೆ ದಾರಿಯಲ್ಲಿ. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳಲು ಲಿವರ್‌ನಲ್ಲಿ ರಿಸೆಪ್ಟರ್‌ಗಳಿವೆ. ಸ್ಯಾಚುರೇಟೆಡ್ ಕೊಬ್ಬು (ಕೊಬ್ಬರಿ ಎಣ್ಣೆ, ತುಪ್ಪದಂಥವುಗಳಲ್ಲಿ ಹೆಚ್ಚಾಗಿರುವ ಬಗೆಯ ಕೊಬ್ಬು) ಜಾಸ್ತಿ ತಿಂದರೆ ಅವುಗಳ ಕೆಲಸ ಕುಗ್ಗುತ್ತದೆ. ಎಲ್‌ಡಿಎಲ್ ರಕ್ತದಲ್ಲೇ ಉಳಿದುಬಿಡುತ್ತದೆ.

ಹಾಗಾಗಿ ನಾನು ಬಾಟಲಿಯ ಮುಂಭಾಗ ನೋಡುವುದೇ ಇಲ್ಲ. ತಿರುಗಿಸಿ, ಹಿಂದಿನ ಸಣ್ಣಕ್ಷರದ ಪಟ್ಟಿಯಲ್ಲಿ ಸ್ಯಾಚುರೇಟೆಡ್ ಅನ್ನುವ ಒಂದು ಸಾಲು ಹುಡುಕುತ್ತೇನೆ. 100 ಗ್ರಾಂ ಕೊಬ್ಬರಿ ಎಣ್ಣೆಯಲ್ಲಿ ಅದು 80 ಗ್ರಾಂ ದಾಟುತ್ತದೆ. ತುಪ್ಪದಲ್ಲಿ ಸುಮಾರು 60, ತಾಳೆ ಎಣ್ಣೆಯಲ್ಲಿ 50ರ ಆಸುಪಾಸು. ಆಲಿವ್ ಎಣ್ಣೆಯಲ್ಲಿ 14, ಸೂರ್ಯಕಾಂತಿಯಲ್ಲಿ 11, ಕೆನೋಲಾದಲ್ಲಿ 7. ಕೊಲೆಸ್ಟ್ರಾಲ್ ಸಾಲು ಮಾತ್ರ ತುಪ್ಪ ಬಿಟ್ಟು ಎಲ್ಲದರಲ್ಲೂ ಸೊನ್ನೆ!

‘ಕೊಬ್ಬರಿ ಎಣ್ಣೆ ಒಳ್ಳೆ ಕೊಲೆಸ್ಟ್ರಾಲನ್ನೂ ಹೆಚ್ಚಿಸುತ್ತದಲ್ವಾ’ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ನಿಜ, ಅದರಲ್ಲಿರುವ ಲಾರಿಕ್ ಆಮ್ಲ ಎಚ್‌ಡಿಎಲ್ (ಅದೇ ಒಳ್ಳೆ ಕೊಲೆಸ್ಟ್ರಾಲ್) ಅನ್ನೂ ಏರಿಸುತ್ತದೆ, ಎಲ್‌ಡಿಎಲ್ ಅನ್ನೂ ಏರಿಸುತ್ತದೆ. ಆದರೆ ಎಚ್‌ಡಿಎಲ್ ಏರಿದ ಮಾತ್ರಕ್ಕೆ ಹೃದಯ ಬಚಾವಾಗುತ್ತದೆ ಅನ್ನುವ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದಿದೆ. ಟಾರ್ಸೆಟ್ರಾಪಿಬ್ ಅನ್ನುವ ಔಷಧ ಎಚ್‌ಡಿಎಲ್ ಅನ್ನು ಚೆನ್ನಾಗಿಯೇ ಏರಿಸುತ್ತಿತ್ತು. ಎಲ್‌ಡಿಎಲ್ ಕೂಡ ಇಳಿಯುತ್ತಿತ್ತು. ಆದರೆ ಅದನ್ನು ತಗೊಂಡವರಲ್ಲೇ ಸಾವು ಜಾಸ್ತಿ ಕಂಡಿದ್ದರಿಂದ 2006ರ ಡಿಸೆಂಬರ್‌ನಲ್ಲಿ ಪ್ರಯೋಗವನ್ನೇ ನಿಲ್ಲಿಸಿದರು. ಆ ಔಷಧಕ್ಕೆ ರಕ್ತದೊತ್ತಡ ಏರಿಸುವಂಥ ಬೇರೆ ದೋಷಗಳೂ ಇದ್ದವು, ಒಪ್ಪುತ್ತೇನೆ. ಆದರೆ ಆಮೇಲೆ ಬಂದ ಬೇರೆ ಪ್ರಯೋಗಗಳಲ್ಲೂ ಬರೀ ಎಚ್‌ಡಿಎಲ್ ಏರಿಸಿ ಹೃದಯಾಘಾತ ತಡೆಯಲು ಆಗಲಿಲ್ಲ. ಅದಕ್ಕೇ ನಾನು ರಿಪೋರ್ಟ್‌ನಲ್ಲಿ ಮೊದಲು ನೋಡುವುದು ಎಲ್‌ಡಿಎಲ್.

ಎಲ್ಲಕ್ಕಿಂತ ಕೆಟ್ಟದ್ದು ಟ್ರಾನ್ಸ್ ಕೊಬ್ಬು, ಅಂದರೆ ಎಣ್ಣೆಯನ್ನು ಭಾಗಶಃ ಹೈಡ್ರೋಜನೀಕರಿಸಿ ಗಟ್ಟಿ ಮಾಡುವಾಗ ಹುಟ್ಟುವ ಕೊಬ್ಬು. ಎಲ್‌ಡಿಎಲ್ ಏರಿಸಿ, ಎಚ್‌ಡಿಎಲ್ ಇಳಿಸುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ‘ಭಾಗಶಃ ಹೈಡ್ರೋಜನೀಕರಿಸಿದ’ ಅಂತ ಕಂಡರೆ ವಾಪಸ್ ಇಟ್ಟುಬಿಡಿ. ಇದರಲ್ಲಿ ಚರ್ಚೆಯೇ ಇಲ್ಲ.

ಇನ್ನೊಂದು ಮಾತು. ಸ್ಯಾಚುರೇಟೆಡ್ ಕೊಬ್ಬು ಬಿಟ್ಟು ಅದರ ಜಾಗದಲ್ಲಿ ಏನು ತಿನ್ನುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಸೂರ್ಯಕಾಂತಿ, ಆಲಿವ್ ಥರದ ಎಣ್ಣೆ, ಬೀಜಗಳು ಬಂದರೆ ಎಲ್‌ಡಿಎಲ್ ಇಳಿಯುತ್ತದೆ. ಮೈದಾ, ಸಕ್ಕರೆ ಬಂದರೆ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) ಏರುತ್ತದೆ, ಹೃದಯಕ್ಕೇನೂ ಲಾಭವಿಲ್ಲ. ಹಾಗಂತ ‘ಒಳ್ಳೆ ಎಣ್ಣೆ’ ಅಂತ ಸುಮ್ನೆ ಸುರಿದುಕೊಳ್ಳಬೇಡಿ. ಯಾವ ಎಣ್ಣೆಯಾದರೂ ಗ್ರಾಮಿಗೆ 9 ಕ್ಯಾಲೊರಿಯೇ.

ಬದಲಿಸಿ ಎರಡು ಮೂರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. 160 ಇದ್ದದ್ದು ಬರೀ ಎಣ್ಣೆಯಿಂದ 70ಕ್ಕೆ ಬರುತ್ತದೆ ಅಂತ ಕಾಯಬೇಡಿ, ಬದಲಾವಣೆ ಅಷ್ಟು ದೊಡ್ಡದಿರುವುದಿಲ್ಲ. ಡಾಕ್ಟರ್ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬರೆದಿದ್ದರೆ ಎಣ್ಣೆ ಬದಲಿಸಿದೆ ಅಂತ ಮಾತ್ರೆ ನಿಲ್ಲಿಸಬೇಡಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ ಅದನ್ನೂ ಡಾಕ್ಟರ್‌ಗೆ ಹೇಳಿ. ಕೆಲವರಿಗೆ ಜಾಸ್ತಿ ಎಲ್‌ಡಿಎಲ್ ವಂಶದಿಂದಲೇ ಬಂದಿರುತ್ತದೆ, ಆಗ ಯಾವ ಎಣ್ಣೆ ಬಳಸಿದರೂ ಮಾತ್ರೆ ಬೇಕೇ ಬೇಕು.